ತಣ್ಣೀರ ಗವಿಯ ಗೆಂಡೆಗಳು

ಬಾಗಲಕೋಟೆಯ ಹೊರಗೆ ಹೊಳೆದಂಡೆಯಲ್ಲಿದ್ದ ಆ ಸಣ್ಣ ಮೀನುಮರಿ ಕೇಂದ್ರದಲ್ಲಿ ಮೂರು ವರ್ಷದಿಂದ ಒಂದು ಮೊಟ್ಟೆಯೂ ಒಡೆದು ಮರಿಯಾಗಿರಲಿಲ್ಲ. ಗೆಂಡೆ ಮೀನುಗಳು ಸಿಮೆಂಟಿನ ತೊಟ್ಟಿಯಲ್ಲಿ ಮೊಟ್ಟೆ ಇಡುವುದೇನೋ ಇಡುತ್ತಿದ್ದವು. ಮರುದಿನ ಮಧ್ಯಾಹ್ನದೊಳಗೆ ಅವೆಲ್ಲ ನೆನೆಸಿದ ಸಾಬೂದಾಣಿಯ ಹಾಗೆ ಬೆಳ್ಳಗಾಗಿ ಕೊಳೆಯುತ್ತಿದ್ದವು. ತೊಟ್ಟಿ ನೋಡಿಕೊಳ್ಳುತ್ತಿದ್ದವಳು ಇಳಕಲ್ಲಿನ ನೇಕಾರರ ಮನೆಯ ಚಂದ್ರವ್ವ. ಹೀಗಾಗಿ ಮಾತೂ ಅವಳ ತಲೆಗೇ ಬಂತು: "ಆಕಿ ಕೈಗುಣನ ಸರಿ ಇಲ್ಲ."

ನೀರಿನ ಕಾವು ಹೆಚ್ಚಾಗಿ ಮೊಟ್ಟೆ ಸಾಯುತ್ತಿವೆ ಎಂದು ಅವಳು ಎಷ್ಟು ಬಡಕೊಂಡರೂ ಕೇಳುವವರಿರಲಿಲ್ಲ. ಕಡೆಗೊಂದು ದಿನ ಕೇಂದ್ರದ ಸಾಹೇಬರು ಹೇಳಿದರು. "ಈ ಬಿಸಲ ನಾಡಿನ್ಯಾಗ ತಣ್ಣನ ನೀರು ಎಲ್ಲೈತ್ರೀ? ಇಲ್ಲಿ ಹುಟ್ಟಿದ ಗೆಂಡಿ ಎಷ್ಟು ಕಾವಿನ್ಯಾಗ ಮರಿ ಮಾಡ್ತಾವ, ಅಳದು ತೋರಸ್ರಿ. ಇಲ್ಲಾಂದ್ರ ತೊಟ್ಟಿ ಬಿಟ್ಟು ಆಫೀಸಿನ್ಯಾಗ ಕಾಗದ ಬರೀರಿ."

ತೊಟ್ಟಿ ಬಿಟ್ಟರೆ ಕೈಗುಣದ ಅಪವಾದವನ್ನು ತಾನೇ ಒಪ್ಪಿಕೊಂಡಂತೆ. ಚಂದ್ರವ್ವ ಅಂದೇ ಥರ್ಮಾಮೀಟರನ್ನು ಚೀಲಕ್ಕೆ ಹಾಕಿಕೊಂಡಳು.

ಹೀಗೆ ೧೯೮೧ರ ಜೂನ್ ತಿಂಗಳ ಒಂದು ಬೆಳಿಗ್ಗೆ ಮಹಾಕೂಟದ ಹಿಂದೆ ಜೀಪು ನಿಲ್ಲಿಸಿ, ಕಾಡು ಗೆಂಡೆ ಮರಿ ಮಾಡುವ ಜಾಗ ಹುಡುಕಿ ಮೂವರು ಗುಡ್ಡ ಹತ್ತಿದರು. ಮುಂದೆ ದಾರಿ ಬಲ್ಲ ಕುರುಬರ ಕನಕಪ್ಪಜ್ಜ, ಹೆಗಲ ಮೇಲೆ ಕರಿ ಕಂಬಳಿ. ಕುಲದೇವರು ಬೀರಪ್ಪನ ಹೆಸರು ಹೇಳದೆ ಅವನು ಕಲ್ಲು ದಾಟುವವನಲ್ಲ. ಹಿಂದೆ ಕೇಂದ್ರದ ಬಲೆಗಾರ ಸುಭಾನಸಾಬ. ಮೀನು ಹಿಡಿಯುವುದರಲ್ಲಿ ಗಟ್ಟಿಗ, ಊಟದಲ್ಲಿ ಇನ್ನೂ ಗಟ್ಟಿಗ. ಕೈಗುಣದ ಮಾತನ್ನು ಮೊದಲು ಆಡಿದವನು ಇವನೇ ಎಂಬುದು ಚಂದ್ರವ್ವನಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು.

ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ. ಕೆಂಪು ಬಂಡೆಗಳು ಬೆಳಗಿನಿಂದಲೇ ಕಾಯ್ದಿದ್ದವು. ಸಂದುಗೊಂದುಗಳಲ್ಲಿ ಕಳ್ಳಿ, ಕವಳಿಕಂಟಿ. ಮೇಲಿನ ಬಂಡೆಯಂಚಿನಲ್ಲಿ ಮುಸುವಗಳು ಸಾಲಾಗಿ ಕೂತು ಈ ಮೂವರನ್ನು ಮದುವೆ ದಿಬ್ಬಣ ನೋಡುವಂತೆ ನೋಡಿದವು. ಕೊಳ್ಳದ ಕೊನೆಯಲ್ಲಿ ಮೊಣಕಾಲೆತ್ತರದ ಒಂದು ಬಿಲ. ಅದರಿಂದ ತಣ್ಣನೆ ನೀರು ಸಣ್ಣಗೆ ಹರಿದು ಬರುತ್ತಿತ್ತು.

"ಇದ ನೋಡವ್ವಾ ತಣ್ಣೀರ ಗವಿ," ಎಂದ ಅಜ್ಜ. "ಬ್ಯಾಸಗಿ ತುಂಬ ಒಳಗ ಗೆಂಡಿ ಇರ್ತಾವ. ಮಳಿ ಬಿದ್ದ ಎಂಟ ದಿನಕ್ಕ ಕೊಳ್ಳದಾಗ ಬರೇ ಮರಿನ ಮರಿ."

ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದರು. ಹತ್ತು ಮಾರು ದಾಟಿದ ಮೇಲೆ ಗವಿ ದೊಡ್ಡ ಪಡಸಾಲೆಯಷ್ಟು ಅಗಲವಾಯಿತು. ನಡುವೆ ಕಪ್ಪು ನೀರಿನ ಮಡು. ಸುಭಾನಸಾಬನ ಬ್ಯಾಟರಿ ಬೆಳಕಿನಲ್ಲಿ ಅಂಗೈಯಗಲದ ಕಾಡು ಗೆಂಡೆಗಳು ಕಂಡವು. ಹೊಟ್ಟೆ ಬಿರಿಯುವಂತೆ ಮೊಟ್ಟೆ ತುಂಬಿಕೊಂಡು ಸುಮ್ಮನೆ ನಿಂತಿದ್ದವು.

ಚಂದ್ರವ್ವ ಹಿತ್ತಾಳೆ ತಂಬಿಗೆಗೆ ಕಲ್ಲು ಹಾಕಿ, ಅಪ್ಪನ ಮಗ್ಗದಿಂದ ತಂದ ರೇಷ್ಮೆ ಎಳೆಗಳನ್ನು ಹೊಸೆದು ಕಟ್ಟಿ, ತಳಕ್ಕೆ ಇಳಿಬಿಟ್ಟಳು. ತಳದ ನೀರು ತಂಬಿಗೆಯಲ್ಲೇ ಮೇಲೆ ಬಂದರೆ ಅಳತೆ ಕೆಡುವುದಿಲ್ಲ. ಇಪ್ಪತ್ಮೂರು ಡಿಗ್ರಿ. ಮಧ್ಯಾಹ್ನವೂ ಇಪ್ಪತ್ಮೂರು. "ಈ ತಂಪಿಗೆ ಮೊಟ್ಟಿ ಬಿಡವಲ್ಲವು. ಕಾವು ಬರಲೆಂತ ಕಾಯಾಕತ್ಯಾವ," ಎಂದಳು.

"ಕೋಳಿ ಕಾವಿಗೆ ಕುಂಡ್ರೂದು ಕೇಳೇನಿ. ಮೀನಿಗೂ ಕಾವ?" ಎಂದು ಸುಭಾನಸಾಬ ನಕ್ಕ.

ಅಷ್ಟರಲ್ಲಿ ಕನಕಪ್ಪಜ್ಜ ಮೂಗು ಅರಳಿಸಿದ. "ಗಾಳಿ ತಿರಗೇತಿ. ನಡ್ರಿ ಹೊರಗ."

"ಮೂರ ಗಂಟೆದ್ದೊಂದು ಅಳತಿ ಉಳದೈತಿ ಅಜ್ಜಾ. ಹತ್ತ ನಿಮಿಷ."

ಆ ಹತ್ತು ನಿಮಿಷವೇ ಮುಳುವಾಯಿತು.

ಗುಡುಗು ಒಳಗೆ ಕೇಳಿಸಲಿಲ್ಲ. ನೆಲ ಮಾತ್ರ ನಡುಗಿತು. ಬಿಲದ ಕಡೆಯಿಂದ ದಡದಡನೆ ಕಲ್ಲುರುಳಿದ ಸದ್ದು. ಬೆಳಕಿನ ಚೂರು ನಂದಿತು. ಸುಭಾನಸಾಬ ನೀರಿಗೆ ಧುಮುಕಿ ತೆವಳುತ್ತ ಹೋದ, ಏದುಸಿರು ಬಿಡುತ್ತ ತಿರುಗಿ ಬಂದ.

"ಬಾಯಾರ, ಗವಿ ಬಾಯಿ ಮುಚ್ಚೇತ್ರಿ! ಕೊಳ್ಳದ ಪ್ರವಾಹಕ್ಕ ಕಲ್ಲು, ಮುಳ್ಳುಕಂಟಿ ಎಲ್ಲಾ ಬಂದು ಜಡದಾವ. ಒಂದೂ ಅಳ್ಳಾಡವಲ್ದು."

ಹೊರಹೋಗುವ ದಾರಿ ಇಲ್ಲದೆ ಬುಗ್ಗೆಯ ನೀರು ಗವಿಯಲ್ಲೇ ಏರತೊಡಗಿತು. ಪಾದ. ಮೊಣಕಾಲು. ಸೊಂಟ. ಮೂವರೂ ಒಂದು ಹಾಸುಗಲ್ಲಿನ ಮೇಲೆ ಹತ್ತಿದರು. ತಲೆಯ ಮೇಲೆ ಒಂದು ಆಳೆತ್ತರದ ಜಾಗ ಉಳಿದಿತ್ತು. ಬ್ಯಾಟರಿ ಕೆಂಪಗಾಯಿತು. ಸುಭಾನಸಾಬ ತುಟಿಯಲ್ಲೇ ದುವಾ ಮಾಡತೊಡಗಿದ. ಚಂದ್ರವ್ವನಿಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು. ತನ್ನ ಹಟಕ್ಕೆ ಇಬ್ಬರ ಜೀವ ತಂದು ಬೋನಿಗೆ ಹಾಕಿದೆನಲ್ಲ! ಈಗ ಊರು ಕೈಗುಣದ ಮಾತಾಡಿದರೆ ಇಲ್ಲವೆನ್ನಲು ಯಾವ ಬಾಯಿ?

"ನಂದ ತಪ್ಪು," ಎಂದಳು.

"ತಪ್ಪು ಒಪ್ಪ ಹೊರಗ ಹೋಗಿ ನೋಡೂಣು," ಎಂದ ಅಜ್ಜ, ಅರ್ಧ ಕಂಬಳಿ ಅವಳ ಮೇಲೆ ಹೊದಿಸುತ್ತ. "ಮೀನ ನೋಡು. ಎಲ್ಲಿ ಹೋದವು?"

ಮಡುವಿನ ನಡುವೆ ಒಂದು ಗೆಂಡೆಯೂ ಇರಲಿಲ್ಲ. ಎಲ್ಲವೂ ಹಿಂಗೋಡೆಯ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಪಟಪಟನೆ ಬಾಲ ಬಡಿಯುತ್ತಿದ್ದವು. ಚಂದ್ರವ್ವ ಗೋಡೆ ಹಿಡಿದು, ಎದೆಮಟ್ಟದ ನೀರಿನಲ್ಲಿ ಅತ್ತ ನಡೆದಳು. ಕೈಗೆ ಬೆಚ್ಚನೆಯ ನೀರಿನ ಎಳೆಯೊಂದು ತಾಗಿತು. ಥರ್ಮಾಮೀಟರ್ ಅದ್ದಿ ಬ್ಯಾಟರಿ ಹಿಡಿದಳು.

"ಇಪ್ಪತ್ತೇಳು!" ಎಂದು ಕೂಗಿದಳು. "ಇದು ಬುಗ್ಗಿ ನೀರಲ್ಲ. ಕಾಯ್ದ ಬಂಡಿ ಮ್ಯಾಲ ಬಿದ್ದ ಮಳಿನೀರು. ಇನ್ನೂ ಬೆಚ್ಚಗೈತಿ, ಅಂದ್ರ ಹೊರಗಿನ ಬಯಲು ಸನೇನ ಐತಿ!"

ಗೋಡೆಗೆ ಆತುಕೊಂಡಿದ್ದ ಚಪ್ಪಡಿಯ ಹಿಂದೆ ಒಂದು ಸೀಳು. ಒಳಗೆ ಬರುವಾಗ ಅದು ಕೈಗೆಟುಕದ ಎತ್ತರದಲ್ಲಿತ್ತು. ಈಗ ಸಾಯಿಸಲು ಬಂದ ನೀರೇ ಅವರನ್ನು ಅದರ ಬಾಯಿಗೆ ಎತ್ತಿಕೊಟ್ಟಿತ್ತು.

ಅಜ್ಜ ಮೊದಲು ಹತ್ತಿದ. ಚಂದ್ರವ್ವ ಹಿಂದೆ. ಕೆಸರುನೀರು ಮುಖಕ್ಕೆ ರಾಚಿತು. ಮೊಣಕೈ ತರಚಿತು. ಆರು ಮಾರು ಮೇಲೆ ಬೂದಿ ಬಣ್ಣದ ಆಕಾಶ! ಆಗಲೇ ಕೆಳಗಿನಿಂದ ಕೂಗು.

"ಸಿಕ್ಕೊಂಡೆನ್ರಿ! ಹಿಂದೂ ಇಲ್ಲ, ಮುಂದೂ ಇಲ್ಲ!"

"ಮನ್ಯಾಗ ಎರಡು ರೊಟ್ಟಿ ಕಮ್ಮಿ ತಿಂದಿದ್ರ ಏನ ಹೋಗ್ತಿತ್ತಲೇ ಸಾಬಾ!" ಎಂದು ಬೈಯುತ್ತಲೇ ಅಜ್ಜ ಕಂಬಳಿಯನ್ನು ಹುರಿಮಾಡಿ ಇಳಿಬಿಟ್ಟ. ಇಬ್ಬರೂ ಎಳೆದರು. ಜಾರಿತು. ಚಂದ್ರವ್ವ ಸೀಳಿಗೆ ಎದೆಯೊತ್ತಿ, ಕೈ ಇಳಿಸಿ, ಅವನ ಮಣಿಕಟ್ಟನ್ನೇ ಹಿಡಿದಳು. ಚೀಲದಲ್ಲಿ ಗಾಜು ಒಡೆದ ಸದ್ದು. ಕೈ ಬಿಡಲಿಲ್ಲ. ಸುಭಾನಸಾಬ ಅಂಗಿ ಹರಿದುಕೊಂಡು ಮೇಲೆ ಬಂದು ಬಿದ್ದ.

ಮೇಲೆ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು ಹುಲ್ಲು ಮುಳುಗಿತ್ತು. ಸೀಳಿನಲ್ಲಿ ಹರಿಯುವ ನೀರಿಗೆ ಎದುರಾಗಿ ನಾಲ್ಕೈದು ಗೆಂಡೆಗಳು ಜಿಗಿಜಿಗಿದು ಅಲ್ಲಿಗೆ ಬಂದವು. ಅವೂ ಗವಿಯಿಂದ ಬಿಡುಗಡೆಯಾಗಿದ್ದವು. ಸ್ವಲ್ಪ ಹೊತ್ತಿನಲ್ಲೇ ಹುಲ್ಲಿನ ಎಸಳಿಗೆ ಮೊಟ್ಟೆಗಳು ಅಂಟಿದವು, ಜೇನು ಬಣ್ಣದ ಸಾಸಿವೆ ಕಾಳಿನಷ್ಟು. ಚಂದ್ರವ್ವ ಅಳುತ್ತ ನಗುತ್ತ ಹುಲ್ಲು ಕೊಯ್ದು ತಂಬಿಗೆಗೆ ಹಾಕಿಕೊಂಡಳು.

"ಅಳತಿ ಗಾಜೇ ಒಡೀತಲ್ರಿ. ಇನ್ನ ಕಾವು ಹೆಂಗ ನೋಡ್ತೀರಿ?" ಎಂದ ಸುಭಾನಸಾಬ.

ಅವಳು ನೀರಿಗೆ ಕೈಯಿಟ್ಟಳು. ಗವಿಯ ಮೂಲೆಯಲ್ಲಿ ತಾಗಿದ್ದ ಅದೇ ಕಾವು. ಜೀವ ಉಳಿಸಿದ ಕಾವನ್ನು ಕೈ ಮರೆಯುತ್ತದೆಯೆ?

ತಂಬಿಗೆಗೆ ಒದ್ದೆ ಕಂಬಳಿ ಸುತ್ತಿ ಬಾಗಲಕೋಟೆಗೆ ಒಯ್ದರು. ದಾರಿಯುದ್ದಕ್ಕೂ ಅವಳು ಬೆರಳು ಅದ್ದಿ ನೋಡುತ್ತ ಬಂದಳು. ಕೇಂದ್ರದ ತೊಟ್ಟಿಗೆ, ಕೈಗೆ ಅದೇ ಕಾವು ತಾಗುವ ತನಕ ಊರ ಬಾವಿಯ ತಣ್ಣೀರು ತಂದು ಬೆರೆಸಿ, ಮೇಲೆ ಅಜ್ಜನ ಕಂಬಳಿಯನ್ನೇ ನೆರಳಿಗೆ ಕಟ್ಟಿದಳು. ಮೂರನೆಯ ಬೆಳಿಗ್ಗೆ ನೀರಿನಲ್ಲಿ ಕಣ್ಣುಗಳು ಓಡಾಡುತ್ತಿದ್ದವು. ಬರೇ ಕಣ್ಣು, ನೂರಾರು. ಸಾಹೇಬರು ಬೇರೆ ಥರ್ಮಾಮೀಟರ್ ತರಿಸಿ ಅದ್ದಿದರು. ಇಪ್ಪತ್ತೇಳಕ್ಕೆ ನಿಂತಿತು. ನಂಬದೆ ಎರಡು ಸಲ ಅದ್ದಿ ನೋಡಿದರು.

ಮರುವಾರ ಸುಭಾನಸಾಬ ಹೊಳೆಯಿಂದ ಮೊಟ್ಟೆ ತುಂಬಿದ ದೊಡ್ಡ ಗೆಂಡೆಗಳನ್ನು ಕೊಡದಲ್ಲಿ ಹೊತ್ತು ತಂದ. ನೆಲ ನೋಡುತ್ತ, "ಬಾಯಾರ, ಇವನ್ನ ನಿಮ್ಮ ಕೈಯಿಂದನ ಬಿಡ್ರಿ," ಎಂದ.

ಚಂದ್ರವ್ವ ತೊಟ್ಟಿಗೆ ಕೈಯಿಟ್ಟು ನೋಡಿದಳು.

"ತಡೀರಿ. ಇನ್ನೂ ಚೂರು ಬಿಸಿ ಐತಿ."

ತುಂಬಿದ ಕೊಡ ಹೆಗಲ ಮೇಲಿತ್ತು. ಸುಭಾನಸಾಬ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಕಾಯುತ್ತ ನಿಂತ.