ಪಂಪ್ ಕೂಗಿತೇ?

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಮರ್ಫಿ ಟೌನಿನ ಗಯಾಜ್ ಹಲಸೂರು ಠಾಣೆಗೆ ಬಂದು ತನ್ನ ಮೇಲೆ ತಾನೇ ದೂರು ಕೊಟ್ಟ. ಇನ್‌ಸ್ಪೆಕ್ಟರ್ ಸುಕನ್ಯ ಇಂಥ ಫಿರ್ಯಾದಿಯನ್ನು ಇದುವರೆಗೆ ಕಂಡಿರಲಿಲ್ಲ.

“ಅಮ್ಮಿ ಪಕ್ಕದಲ್ಲೇ ಕೂತಿದ್ದೆ ಮೇಡಂ. ನಿನ್ನೆ ಮಧ್ಯಾಹ್ನ ನಿದ್ದೆ ಬಂದ್ಬಿಡ್ತು. ಪಂಪ್ ಕೂಗಿರುತ್ತೆ, ನಂಗೆ ಕೇಳಿಸ್ಲಿಲ್ಲ. ಅಮ್ಮಿನ ನಾನೇ ಕೊಂದ್ಬಿಟ್ಟೆ.”

ತಾಯಿ ಶಂಶುನ್ನೀಸಾ ಹೃದ್ರೋಗಿ. ಬಾಡಿಗೆಗೆ ತಂದ ಪಂಪ್ ಹನಿಹನಿಯಾಗಿ ಔಷಧಿ ಕೊಡುತ್ತಿತ್ತು. ಟ್ಯೂಬ್ ಕಟ್ಟಿಕೊಂಡರೆ ಅದು ಅಲಾರಂ ಹೊಡೆಯಬೇಕು. ಸುಕನ್ಯ ಪಂಚನಾಮೆ ಮಾಡಿಸಿ ಪಂಪನ್ನು ಪ್ರಯೋಗಾಲಯಕ್ಕೆ ಕಳಿಸಿದಳು.

ವರದಿ ಬಂತು: ಟ್ಯೂಬ್ ಕಟ್ಟಿಕೊಂಡಿದ್ದು ನಿಜ. ಪಂಪ್ ಈಗ ಕೂಗುತ್ತಿಲ್ಲ. ಅಂದು ಕೂಗಿತ್ತೋ ಇಲ್ಲವೋ ಹೇಳಲಾಗದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ವರದಿ. ನಿರ್ಲಕ್ಷ್ಯದಿಂದಾದ ಸಾವು ಎಂದು FIR ದಾಖಲಿಸಿ, ಸುಕನ್ಯ ಹೆಡ್‌ ಕಾನ್‌ಸ್ಟೇಬಲ್ ವಾಜಿದನೊಂದಿಗೆ ಪಂಪ್‌ನ ಸಾಫ್ಟ್‌ವೇರ್ ಬರೆದ ಇಂದಿರಾನಗರದ ಕಂಪನಿಗೆ ಹೋದಳು.

ಮ್ಯಾನೇಜರ್ ಪ್ರಿಯದರ್ಶಿನಿ ಪರದೆ ತೋರಿಸಿದಳು. ಪಂಪ್ ಪಾಲಿಸಬೇಕಾದ ಪ್ರತಿ ಷರತ್ತಿಗೂ ಒಂದು ನಂಬರ್, ಅದನ್ನು ಪರೀಕ್ಷಿಸುವ ಒಂದು ಟೆಸ್ಟ್. ಪ್ರತಿ ಷರತ್ತಿಗೂ ಟೆಸ್ಟ್ ಇದೆಯೇ ಎಂದು ತಾಳೆ ನೋಡುವ ಕೆಲಸ ಮೊದಲು ಮನುಷ್ಯರದ್ದಾಗಿತ್ತು, ಈಗ ಒಂದು ಸಾಫ್ಟ್‌ವೇರ್ ಟೂಲಿನದು; ತಾಳೆಯಾದರೆ ಪರದೆಯಲ್ಲಿ ಹಸಿರು ಗುರುತು.

“ಎಲ್ಲಾ ಗ್ರೀನ್ ಇದೆ ನೋಡಿ ಮೇಡಂ. ಪಂಪ್ ಎಲ್ಲೋ ಬೀಳಿಸಿರ್ತಾರೆ.”

ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಕೂತು ಬರೆದ ಪಂಚನಾಮೆಗಳನ್ನು ಸುಕನ್ಯ ಕಂಡಿದ್ದಳು. ಅವೂ ನೋಡಲು ಇಷ್ಟೇ ಚೊಕ್ಕವಾಗಿರುತ್ತವೆ.

“ಅಲಾರಂ ಟೆಸ್ಟ್ ಓಪನ್ ಮಾಡಿ.”

ಒಳಗೆ ಷರತ್ತಿನ ನಂಬರ್ ಬಿಟ್ಟರೆ ಏನೂ ಇರಲಿಲ್ಲ. ಸುಕನ್ಯ ಪಂಚರೆದುರು ಅಲ್ಲಿದ್ದ ಹೊಸ ಪಂಪಿನ ಪೆಟ್ಟಿಗೆ ಒಡೆಸಿದಳು; ವಾಜಿದ್ ಟ್ಯೂಬನ್ನು ಬಿಗಿಯಾಗಿ ಮಡಿಸಿ ಹಿಡಿದ. ಎಲ್ಲರೂ ಕಿವಿಗೊಟ್ಟು ಕಾದರು. ಪಂಪ್ ತೆಪ್ಪಗಿತ್ತು.

ಮೊದಲಿದ್ದ ಟೆಸ್ಟ್ ತೆಗೆದು ಈ ಖಾಲಿ ಟೆಸ್ಟ್ ಹಾಕಿದವನ ಹೆಸರು ಸಿಸ್ಟಮ್‌ನಲ್ಲೇ ಇತ್ತು: ಕಂಪನಿಯ ಎಂಜಿನಿಯರ್ ಪ್ರೇಮ್‌ಕುಮಾರ್. ಅಂದು ಸಂಜೆ ರಾಮಮೂರ್ತಿ ನಗರದ ಮನೆಯಲ್ಲಿ ಅವನ ಬಂಧನವಾಯಿತು. ಅವನು ತಕರಾರು ಮಾಡಲಿಲ್ಲ.

“ಇದ್ದ ಟೆಸ್ಟ್ ಯಾಕ್ರೀ ತೆಗೆದ್ರಿ?”

“ಆ ಟೂಲ್ ನಂಬರ್ ಅಷ್ಟೇ ನೋಡೋದು ಮೇಡಂ, ಒಳಗೇನಿದೆ ಅಂತ ನೋಡಲ್ಲ. ಬಾಯಲ್ಲಿ ಹೇಳಿದ್ರೆ ಯಾರೂ ಕೇಳ್ಲಿಲ್ಲ. ರಿವ್ಯೂ ಮೀಟಿಂಗಲ್ಲೇ ತೋರ್ಸೋಣ ಅಂತ ಖಾಲಿ ಟೆಸ್ಟ್ ಇಟ್ಟೆ. ಎಲ್ಲಾ ಗ್ರೀನ್ ಇದೆ ಅಂತ ಮೀಟಿಂಗೇ ಕ್ಯಾನ್ಸಲ್ ಮಾಡ್ಬಿಟ್ರು.”

“ಆಮೇಲೆ?”

“ಆಮೇಲೆ ಯಾರೋ ಅಲಾರಂ ಕೋಡ್ ಬದಲಾಯ್ಸಿದ್ರು. ತಪ್ಪು ಹಿಡಿಯಕ್ಕೆ ಟೆಸ್ಟೇ ಇರ್ಲಿಲ್ಲ. ಪಂಪ್ ಮಾರ್ಕೆಟ್‌ಗೆ ಹೋಯ್ತು. ಹೇಳಕ್ಕೆ ಭಯ ಆಯ್ತು.”

ಟೂಲ್ ಬಗ್ಗೆ ಅವನ ಮಾತು ಸರಿಯೇ ಇತ್ತು. ಅದನ್ನು ಸಾಧಿಸಿ ತೋರಿಸುವ ಹಟ, ಆಮೇಲಿನ ಹೆದರಿಕೆ, ಎರಡೂ ಸೇರಿ ಒಂದು ಜೀವ ಹೋಯಿತು. ಮಾರಾಟವಾದ ಪಂಪ್‌ಗಳನ್ನೆಲ್ಲ ಹಿಂದಕ್ಕೆ ತರಿಸುವ ಏರ್ಪಾಡಾಯಿತು, ಕಂಪನಿಯ ಮೇಲಿನವರಿಗೂ ನೋಟಿಸ್ ಹೋಯಿತು.

ಮರುದಿನ ಸುಕನ್ಯ ಗಯಾಜನನ್ನು ಠಾಣೆಗೆ ಕರೆಸಿದಳು.

“ಅದು ಕೂಗ್ಲೇ ಇಲ್ಲ ಗಯಾಜ್. ಅಂಥ ಪಂಪ್ ಯಾವುದೂ ಕೂಗಲ್ಲ.”

“ಕೂಗಿದ್ರೆ ನಾನು ಏಳ್ತಿದ್ದೆ, ಅಲ್ವಾ ಮೇಡಂ?”

ಅದಕ್ಕೆ ಸಾಕ್ಷಿ ಯಾವುದೂ ಇರಲಿಲ್ಲ. ಸುಕನ್ಯ ಹುಡುಕಲೂ ಹೋಗಲಿಲ್ಲ.

“ಏಳ್ತಿದ್ರಿ,” ಎಂದಳು.