ನನಗಾಗಿ ಸೋಲಬೇಡಿ

"ಮೂರನೇ ಮಹಡಿ ಬಾಗಿಲು ನೋಡಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಲಿಫ್ಟಿನೊಳಗಿನಿಂದ ಬಂದ ಈ ದನಿಗೆ, ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದ ಮೆಕ್ಯಾನಿಕ್ ಕೈ ನಿಲ್ಲಿಸಿದ. ಇಬ್ಬರ ನಡುವೆ ಇದ್ದದ್ದು ಒಂದು ತಗಡಿನ ಛಾವಣಿ, ಅದರಲ್ಲೊಂದು ಅಂಗೈಯಗಲದ ಗಾಳಿಕಿಂಡಿ. ಅವಳಿಗೆ ಅವನ ಬೂಟಿನ ಅಡಿ ಮಾತ್ರ ಕಾಣುತ್ತಿತ್ತು. ಅವನಿಗೆ ಏನೂ ಕಾಣುತ್ತಿರಲಿಲ್ಲ, ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಹೆದರ್ಬೇಡಿ ಮೇಡಂ. ಸುಮ್ನೆ ಕೂತಿರಿ, ನಾನು ನೋಡ್ಕೋತೀನಿ."

ಹೆದರಬೇಡಿ ಅಂತೆ... ಅವಳಿಗೆ ಮೈ ಉರಿದುಹೋಯಿತು. ಆರು ವರ್ಷದಿಂದ ಇದೇ ಲಿಫ್ಟಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಗುಂಡಿ ಒತ್ತಿ, ಏಳು ಮಹಡಿಯ ಜನರನ್ನು ಹತ್ತಿಸಿ ಇಳಿಸಿದವಳು ಅವಳು. ಈಗ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟ್ ನಿಂತಿತ್ತು. ಪಕ್ಕದಲ್ಲಿ ಹಲ್ಲಿನ ಡಾಕ್ಟರ ಬಳಿಗೆ ಹೊರಟಿದ್ದ ಒಬ್ಬರು ಊದಿದ ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಪಾಪ, ಗಾಬರಿಗೆ ಅವರ ಹಲ್ಲುನೋವೇ ಮರೆತುಹೋಗಿತ್ತು.

ಮೂರನೇ ಮಹಡಿಯ ಬಾಗಿಲು ನಾಲ್ಕು ದಿನದಿಂದ ಮುಚ್ಚುವಾಗ ಒಂದು ಸಲ ಟಕ್ ಎನ್ನುವ ಬದಲು ಎರಡು ಸಲ ಎನ್ನುತ್ತಿತ್ತು. ಯಾವ ಮಹಡಿಯ ಬಾಗಿಲಾದರೂ ಸರಿಯಾಗಿ ಕಚ್ಚಿಕೊಳ್ಳದಿದ್ದರೆ ಲಿಫ್ಟಿಗೆ ಕರೆಂಟ್ ಕಡಿದುಹೋಗುತ್ತದೆ. ಇಷ್ಟು ಗೊತ್ತಿರುವುದಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ. ಹಾಗೆ ನೋಡಿದರೆ ಎಲೆಕ್ಟ್ರಿಕಲ್ ತರಬೇತಿ ಮುಗಿಸಿದ ಸರ್ಟಿಫಿಕೇಟೂ ಅವಳ ಹತ್ತಿರ ಇತ್ತು. ಅದನ್ನು ಹಿಡಿದುಕೊಂಡು ಹೋದಲ್ಲೆಲ್ಲ, ಹೆಣ್ಣುಮಗಳು ಏಣಿ ಹತ್ತುವುದು ಹೇಗೆ ಎಂದು ಕೇಳಿ ಕಳಿಸಿದ್ದರು.

ಮೆಕ್ಯಾನಿಕ್ ಮೋಟಾರು ನೋಡಿದ, ಹಗ್ಗ ನೋಡಿದ, ಮೇಲಿನ ಕೋಣೆಯ ಫ್ಯೂಸುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದ. ನಲವತ್ತು ನಿಮಿಷದ ಮೇಲೆ, ಬೇರೆ ದಾರಿ ಕಾಣದೆ ಮೂರನೇ ಮಹಡಿಗೆ ಹೋದ. ಬಾಗಿಲಿನ ತಾಮ್ರದ ಪಟ್ಟಿ ಸವೆದು ಬಾಗಿತ್ತು. ಅದನ್ನು ನೆಟ್ಟಗೆ ಮಾಡಿದ. ಲಿಫ್ಟ್ ಜುಮ್ಮೆಂದು ಹೊರಟಿತು.

ಐದನೇ ಮಹಡಿಯಲ್ಲಿ ಅವಳು ಗ್ರಿಲ್ ಎಳೆಯುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಬಂದು ಎದುರಿಗೇ ನಿಂತಿದ್ದ. ಮೂಗಿನ ಮೇಲೆ ಗ್ರೀಸು, ಮುಖದಲ್ಲಿ ಪೆಚ್ಚು ನಗೆ.

"ಮೂರನೇ ಮಹಡಿನೇ" ಎಂದ.

"ಗೊತ್ತು" ಎಂದಳು.

ಸಿಟ್ಟಿನಲ್ಲೇ ಅಂದಳು. ಆದರೆ ಒಂದು ವಿಷಯ ಮನಸ್ಸಿಗೆ ನಾಟಿತ್ತು. ಆರು ವರ್ಷದಲ್ಲಿ ಬಂದ ಮೆಕ್ಯಾನಿಕ್‌ಗಳಲ್ಲಿ ತಪ್ಪು ಒಪ್ಪಿಕೊಂಡವನು ಇವನೊಬ್ಬನೇ!

ಮನೆಯಲ್ಲಿ ಅವಳನ್ನು ಎಲ್ಲರೂ ಮೊಂಡಿ ಎನ್ನುತ್ತಿದ್ದರು. ನಾವೂ ಹಾಗೇ ಅನ್ನೋಣ, ಅವಳಿಗೆ ಅದರಿಂದ ಬೇಜಾರಿಲ್ಲ. ಅಮ್ಮ ಮೆಚ್ಚುಗೆಯಿಂದ ಹಾಗೆ ಕರೆದರೆ, ಈ ಸ್ಟೂಲಿನ ಕೆಲಸ ಕೊಡಿಸಿದ್ದ ಸೋದರಮಾವ ಬೇಸರದಿಂದ ಕರೆಯುತ್ತಿದ್ದ.

ಅದಾಗಿ ಎರಡು ವಾರಕ್ಕೆ ಕಟ್ಟಡದ ಮ್ಯಾನೇಜರ್ ಲಿಫ್ಟಿನ ಪಕ್ಕ ಒಂದು ನೋಟಿಸು ಅಂಟಿಸಿದರು. ಮುಂದಿನ ತಿಂಗಳಿಂದ ಹೊಸ ಲಿಫ್ಟ್. ದೇಶವಿದೇಶಗಳಲ್ಲಿ ಲಿಫ್ಟ್ ಕೂರಿಸುವ ದೊಡ್ಡ ಕಂಪನಿಯದು. ಅದರಲ್ಲಿ ಜನ ತಾವೇ ಗುಂಡಿ ಒತ್ತಿಕೊಳ್ಳುತ್ತಾರೆ, ಆಪರೇಟರ್ ಬೇಕಾಗಿಲ್ಲ.

ಮೊಂಡಿ ನೋಟಿಸನ್ನು ಎರಡು ಸಲ ಓದಿದಳು. ಮಾವನಿಗೆ ಹೇಳಿದರೆ, ಯಾವುದಾದರೂ ಅಂಗಡಿಯಲ್ಲಿ ಕ್ಯಾಷ್ ಟೇಬಲ್ ಹತ್ತಿರ ಕೂರುವ ಕೆಲಸ ನೋಡೋಣ ಎಂದ. ಮತ್ತೆ ಕೂರುವುದು... ಅವಳು ಊಟ ಬಿಟ್ಟು ಎದ್ದಳು.

ಬಾಗಿಲು ಸರಿಮಾಡಿದ ದಿನದಿಂದ ಏನಾದರೊಂದು ನೆಪ ಹೂಡಿ ದಿನಾ ಬರುತ್ತಿದ್ದ ಮೆಕ್ಯಾನಿಕ್, ಮರುದಿನ ಒಂದು ಕಾಗದ ತಂದುಕೊಟ್ಟ. ಅದೇ ದೊಡ್ಡ ಕಂಪನಿಯ ಜಾಹೀರಾತು. ಸರ್ವೀಸ್ ಟೆಕ್ನಿಷಿಯನ್ ಬೇಕು, ಒಂದೇ ಹುದ್ದೆ, ಲಿಖಿತ ಪರೀಕ್ಷೆ ಇಲ್ಲ, ಸಂದರ್ಶನ ಮತ್ತು ಕೈಕೆಲಸದ ಪರೀಕ್ಷೆ.

"ನನ್ನ ಸ್ಟೂಲ್ ಕಿತ್ಕೊಂಡ ಕಂಪನಿ" ಎಂದಳು ಮೊಂಡಿ.

"ಅದಕ್ಕೇ ತಂದೆ. ಹೋಗಿ ಕೇಳಿ ಅವರನ್ನ."

ಅವಳು ಅಂದೇ ಅರ್ಜಿ ಹಾಕಿದಳು, ಸಂದರ್ಶನಕ್ಕೆ ಪಾಠ ಹೇಳಿಕೊಡುತ್ತೇನೆ ಎಂದ ಅವನು. ಅವನ ಅರ್ಜಿ ಅದೇ ಹುದ್ದೆಗೆ ಹೋಗಿ ಆಗಲೇ ಹತ್ತು ದಿನವಾಗಿತ್ತು! ಅದನ್ನು ಮಾತ್ರ ಅವನು ಹೇಳಲಿಲ್ಲ. ಹೇಳಿಬಿಟ್ಟರೆ ಇವಳು ತನ್ನ ಪಕ್ಕ ಕೂತು ಪಾಠ ಹೇಳಿಸಿಕೊಳ್ಳಲಾರಳು ಎಂಬ ಅಂಜಿಕೆ ಅವನಿಗೆ. ಒಂದು ದಿನ ಅವಳನ್ನು ಕಾಣದಿದ್ದರೆ ಏನೋ ಕಳೆದುಕೊಂಡಂತೆ ಆಗುವ ಹಂತಕ್ಕೆ ಪುಣ್ಯಾತ್ಮ ಆಗಲೇ ಬಂದು ನಿಂತಿದ್ದ.

ಪಾಠ ನಡೆಯುತ್ತಿದ್ದದ್ದು ಮಧ್ಯಾಹ್ನದ ಬಿಡುವಿನಲ್ಲಿ, ಆರನೇ ಮಹಡಿಯ ಮೆಟ್ಟಿಲ ಮೇಲೆ. ಅವನು ವೈರಿಂಗ್ ನಕ್ಷೆ ಹರಡಿಕೊಂಡು ಗೆರೆ ಗೆರೆಯಾಗಿ ಬಿಡಿಸಿ ಹೇಳುತ್ತಿದ್ದ. ಅವಳು ಮೂರು ದಿನದಲ್ಲಿ ಕಲಿತು, ನಾಲ್ಕನೇ ದಿನ ಅವನ ನಕ್ಷೆಯಲ್ಲೇ ತಪ್ಪು ಹುಡುಕಿದಳು. ಆಮೇಲೆ ಅವನು ಶರ್ಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು, ಸಂದರ್ಶನ ಮಾಡುವ ಸಾಹೇಬನಾಗುತ್ತಿದ್ದ.

"ಆರು ವರ್ಷ ಗುಂಡಿ ಒತ್ತಿದ್ದು ಬಿಟ್ಟು ಇನ್ನೇನು ಮಾಡಿದ್ದೀರಿ?"

ಮೊದಲ ಸಲ ಈ ಪ್ರಶ್ನೆಗೆ ಅವಳ ಕಣ್ಣು ತುಂಬಿತು. ಸಾಹೇಬ ಒಂದೇ ಏಟಿಗೆ ಮೆಕ್ಯಾನಿಕ್ ಆಗಿಬಿಟ್ಟ.

"ಅವರು ಇದನ್ನ ಕೇಳೇ ಕೇಳ್ತಾರೆ" ಎಂದ ಮೆತ್ತಗೆ. "ಅಳ್ತಾ ಉತ್ತರ ಕೊಡ್ಬೇಡಿ. ಬೇಕಾದ್ರೆ ಸಿಟ್ಟು ಮಾಡ್ಕೊಂಡು ಕೊಡಿ. ಸಿಟ್ಟು ನಿಮಗೆ ಚೆನ್ನಾಗಿ ಒಪ್ಪುತ್ತೆ."

ಅಂದು ರಾತ್ರಿ ಊಟಕ್ಕೆ ಕೂತಾಗ ಮೊಂಡಿ ಸುಮ್ಮಸುಮ್ಮನೆ ನಕ್ಕಳಂತೆ. ಅಮ್ಮ ಏನೆಂದು ಕೇಳಿದರೆ, ವೈರಿಂಗ್ ನಕ್ಷೆ ನೆನಪಾಯಿತು ಎಂದಳಂತೆ. ವೈರಿಂಗ್ ನಕ್ಷೆಗೆ ಯಾರಾದರೂ ಕೆನ್ನೆ ಕೆಂಪಾಗಿಸಿಕೊಳ್ಳುತ್ತಾರೆಯೇ, ನೀವೇ ಹೇಳಿ.

ಸಂದರ್ಶನದ ಹಿಂದಿನ ದಿನ ಸರ್ಟಿಫಿಕೇಟುಗಳ ಪ್ರತಿ ಕೊಡಲು ಅವಳು ಕಂಪನಿಯ ಆಫೀಸಿಗೆ ಹೋದಳು. ನಿಮ್ಮನ್ನು ಬಲ್ಲ ಒಬ್ಬರ ಹೆಸರು ಬರೆಯಿರಿ ಎಂದಿದ್ದ ಕಡೆ ಹೆಮ್ಮೆಯಿಂದ ಮೆಕ್ಯಾನಿಕ್‌ನ ಹೆಸರು ಬರೆದಳು. ಗುಮಾಸ್ತೆ ಅದನ್ನು ಓದಿ ಹುಬ್ಬೇರಿಸಿದಳು.

"ಅರೆ, ಇವರೂ ನಾಳೆ ಇಂಟರ್ವ್ಯೂಗೆ ಇದ್ರಲ್ಲ. ಬೆಳಿಗ್ಗೆ ಫೋನ್ ಮಾಡಿ ಬರಲ್ಲ ಅಂದ್ರು."

ಮೊಂಡಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಬಂದದ್ದು ಕಣ್ಣೀರಲ್ಲ, ಕೆಂಡದಂಥ ಸಿಟ್ಟು. ಈಗ ಬರುತ್ತೇನೆ ಎಂದರೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಸಂಜೆ ಐದಕ್ಕೆ ಪಟ್ಟಿ ಮೇಲಕ್ಕೆ ಹೋಗುತ್ತದೆ, ಅಷ್ಟರೊಳಗೆ ಹೇಳಿದರೆ ಸರಿ ಎಂದಳು ಗುಮಾಸ್ತೆ. ಆಗ ಗಂಟೆ ನಾಲ್ಕು.

ಅವನ ವರ್ಕ್‌ಶಾಪು ಎರಡು ಬಸ್ಸಿನ ದೂರ. ಅವಳು ಒಳಗೆ ನುಗ್ಗಿದಾಗ ಅವನು ಒಂದು ಹಳೆಯ ಮೋಟಾರಿಗೆ ತಂತಿ ಸುತ್ತುತ್ತಿದ್ದ.

"ಯಾಕೆ ಬರಲ್ಲ ಅಂದ್ರಿ?"

ಅವನ ಕೈಯ ತಂತಿ ಸಡಿಲವಾಯಿತು. ಬಚ್ಚಿಡಲು ಏನೂ ಉಳಿದಿರಲಿಲ್ಲ.

"ನಿಮ್ಮ ಕೆಲಸ ಹೋಗ್ತಿದೆ. ನನಗೆ ಈ ವರ್ಕ್‌ಶಾಪ್ ಇದೆ. ಅಷ್ಟೇ."

"ಅಷ್ಟೇ ಅಲ್ಲ. ನೀವು ಬಂದ್ರೆ ನಾನು ಸೋಲ್ತೀನಿ ಅಂತ ನೀವೇ ತೀರ್ಮಾನ ಮಾಡಿಬಿಟ್ರಿ."

"ಹಾಗಲ್ಲ..."

"ಹಾಗೇ. ಆರು ವರ್ಷ ಎಲ್ಲರೂ ನನಗೆ ಕೂತ್ಕೊಳ್ಳೋಕೆ ಜಾಗ ಕೊಟ್ರು. ನಿಂತ್ಕೊಳ್ಳೋಕೆ ಯಾರೂ ಬಿಡ್ಲಿಲ್ಲ. ನೀವೊಬ್ರು ಬೇರೆ ಅಂದ್ಕೊಂಡಿದ್ದೆ. ನೀವೂ ಸ್ಟೂಲ್ ತಂದ್ಬಿಟ್ರಿ."

ಅವನು ತಲೆ ತಗ್ಗಿಸಿದ. ನಾಲ್ಕು ವರ್ಷದಲ್ಲಿ ಈ ಕಂಪನಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದವನು ಅವನು. ಇದು ಮೂರನೆಯದು. ಅದನ್ನೂ ಅವಳಿಗೆ ಹೇಳಿರಲಿಲ್ಲ. ಈಗ ಒಂದೊಂದಾಗಿ ಹೇಳಿದ. ನಾಲ್ಕು ವರ್ಷದ ಆಸೆಯನ್ನು ಹೀಗೆ ನನ್ನ ಕಾಲ ಬಳಿ ಇಟ್ಟುಬಿಟ್ಟನಲ್ಲ ಎನಿಸಿತು ಅವಳಿಗೆ. ಆದರೆ ಪಟ್ಟು ಸಡಿಲಿಸಲಿಲ್ಲ. ಕರಗಿದರೆ ಅವಳು ಮೊಂಡಿ ಹೇಗಾದಾಳು?

"ಐದರೊಳಗೆ ಫೋನ್ ಮಾಡಿ. ಇಲ್ದಿದ್ರೆ ನಾಳೆ ನಾನೂ ಹೋಗಲ್ಲ."

"ಹುಚ್ಚಾ ನಿಮಗೆ?"

"ಹೌದು. ಬಿಟ್ಟುಕೊಟ್ಟ ಕೆಲಸ ನನಗೆ ಬೇಡ. ನನಗಾಗಿ ಸೋಲಬೇಡಿ."

ಐದಕ್ಕೆ ಆರು ನಿಮಿಷ ಇದ್ದಾಗ ಅವನು ಫೋನ್ ತೆಗೆದ. ಅವನು ಮಾತು ಮುಗಿಸುವವರೆಗೂ ಅವಳು ಎದುರಿಗೇ ನಿಂತಿದ್ದು, ಆಮೇಲೆ ಹೊರಟುಹೋದಳು.

ಮರುದಿನ ಕಂಪನಿಯ ಗಾಜಿನ ಕೋಣೆಯಲ್ಲಿ ಮೂವರು ಅಧಿಕಾರಿಗಳು ಕೂತಿದ್ದರು. ನಡುವಿನ ಹಿರಿಯ ಇಂಜಿನಿಯರ್ ಅವಳ ಅರ್ಜಿಯನ್ನು ತಿರುಗಿಸಿ ನೋಡಿ, ಕನ್ನಡಕದ ಮೇಲಿಂದ ಕಣ್ಣು ಹಾಯಿಸಿದರು.

"ಆರು ವರ್ಷ ಗುಂಡಿ ಒತ್ತಿದ್ದೀರಿ. ನಮ್ಮ ಲಿಫ್ಟಲ್ಲಿ ಜನರೇ ಒತ್ಕೋತಾರೆ. ನಿಮ್ಮ ಅನುಭವ ನಮಗೆ ಯಾಕೆ ಬೇಕು?"

ಮೊಂಡಿ ನೆಟ್ಟಗೆ ಕೂತಳು.

"ದಿನಕ್ಕೆ ನೂರೈವತ್ತು ಸಲ ಮೇಲೆ ಕೆಳಗೆ ಓಡಾಡಿದ್ದೀನಿ ಸರ್. ನಿಮ್ಮ ಜನ ಲಿಫ್ಟ್ ಕೆಟ್ಟ ಮೇಲೆ ಬರ್ತಾರೆ. ಅದು ಕೆಡ್ತಾ ಇರೋದನ್ನ ನಾನು ಒಳಗೆ ಕೂತು ಕೇಳಿದ್ದೀನಿ."

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯರು ಪೆನ್ನು ಕೆಳಗಿಟ್ಟರು.

ಕೈಕೆಲಸದ ಪರೀಕ್ಷೆ ಹಿಂದಿನ ಶೆಡ್ಡಿನಲ್ಲಿ. ಮೂರು ಮಹಡಿಯ ಒಂದು ತರಬೇತಿ ಲಿಫ್ಟಿಗೆ ಬೇಕೆಂದೇ ಒಂದು ದೋಷ ಮಾಡಿಟ್ಟಿದ್ದರು. ನಾಲ್ಕೈದು ಸಲ ಓಡಿ, ಕಂಟ್ರೋಲ್ ಪೆಟ್ಟಿಗೆಯ ಸ್ವಿಚ್ಚು ತಾನಾಗಿ ಬಿದ್ದು ನಿಂತುಬಿಡುತ್ತಿತ್ತು. ಒಬ್ಬೊಬ್ಬರಿಗೂ ಅರ್ಧ ಗಂಟೆ. ಅವಳು ಪೆಟ್ಟಿಗೆ ಮುಟ್ಟಲಿಲ್ಲ. ಲಿಫ್ಟಿನೊಳಗೆ ಹೋಗಿ, ಕಣ್ಣು ಮುಚ್ಚಿ, ಎರಡು ಸಲ ಮೇಲೆ ಕೆಳಗೆ ಓಡಾಡಿದಳು. ಮೋಟಾರಿನ ದನಿ ಹೊರಡುವಾಗ ಭಾರವಾಗಿತ್ತು, ಏನನ್ನೋ ಎಳೆದುಕೊಂಡು ಹೋಗುವ ಹಾಗೆ. ನೇರ ಮೇಲಿನ ಕೋಣೆಗೆ ಏಣಿ ಹತ್ತಿದಳು. ಬ್ರೇಕಿನ ಒಂದು ಸ್ಪ್ರಿಂಗನ್ನು ಅತಿಯಾಗಿ ಬಿಗಿದಿದ್ದರಿಂದ ಬ್ರೇಕು ಪೂರ್ತಿ ಬಿಡದೆ, ಮೋಟಾರಿಗೆ ಭಾರವಾಗಿ ಸ್ವಿಚ್ಚು ಬೀಳುತ್ತಿತ್ತು. ಸ್ಪ್ರಿಂಗ್ ಸಡಿಲಿಸಿದಳು. ಒಟ್ಟು ಒಂಬತ್ತು ನಿಮಿಷ.

ಮೆಕ್ಯಾನಿಕ್‌ಗೆ ಇಪ್ಪತ್ತಾರು ನಿಮಿಷ ಹಿಡಿಯಿತು. ಉಳಿದ ನಾಲ್ವರಿಗೆ ಸಿಗಲೇ ಇಲ್ಲ.

ಮಧ್ಯಾಹ್ನ ಮೂರಕ್ಕೆ ಗುಮಾಸ್ತೆ ಮೊಂಡಿಯ ಹೆಸರು ಕೂಗಿದಳು. ನೇಮಕದ ಪತ್ರಕ್ಕೆ ನಾಳೆ ಹತ್ತರೊಳಗೆ ಸಹಿ ಹಾಕಿಕೊಡಬೇಕು ಎಂದಳು. ಮೊಂಡಿಗೆ ನೆಲವೇ ಹಗುರವಾಯಿತು. ತಿರುಗಿ ಅವನನ್ನು ಹುಡುಕಿದಳು. ಗೋಡೆಗೆ ಒರಗಿ ನಿಂತಿದ್ದ ಅವನು "ಒಳ್ಳೇದಾಯ್ತು" ಎಂದಷ್ಟೇ ಹೇಳಿ, ಮುಖ ಕೊಡದೆ ಹೊರಟುಹೋದ.

ಆ ಒಂದು ಮಾತಿಗೆ ಅವಳ ಖುಷಿಯೆಲ್ಲ ಹುಳಿಯಾಯಿತು. ಎಂಟು ವರ್ಷದ ಅನುಭವ ಇರುವ ಮೆಕ್ಯಾನಿಕ್‌ಗೆ ಇಪ್ಪತ್ತಾರು ನಿಮಿಷವೇ? ಬೇಕಂತಲೇ... ಹೌದು, ಬೇಕಂತಲೇ ತಡ ಮಾಡಿದ! ಫೋನ್ ಮಾಡಿಸಿದೆ ಎಂದು ನಾನು ಬೀಗುತ್ತಿದ್ದರೆ, ಅವನು ಒಳಗೊಳಗೇ ಇದನ್ನು ಲೆಕ್ಕ ಹಾಕಿಕೊಂಡಿದ್ದ.

ಸಹಿ ಹಾಕದ ಪತ್ರ ಕೈಯಲ್ಲಿ ಹಿಡಿದು ಅವಳು ಓಡಿದಳು. ಬಸ್ ಸ್ಟಾಪಿನ ಸಿಮೆಂಟ್ ಬೆಂಚಿನ ಮೇಲೆ ಅವನು ಒಬ್ಬನೇ ಕೂತಿದ್ದ.

"ನಿಜ ಹೇಳಿ. ಬೇಕಂತ ಸೋತ್ರಾ?"

ಅವನು ಬಗ್ಗಿ ಬೂಟಿನ ಲೇಸು ಬಿಗಿಯತೊಡಗಿದ.

"ಹೌದು ಅಂದ್ರೆ ಈ ಪತ್ರ ಇಲ್ಲೇ ಹರಿದು ಹಾಕ್ತೀನಿ."

ಅವನು ತಲೆ ಎತ್ತಿದ. ಅವನ ಕಣ್ಣು ಅಷ್ಟು ಕೆಂಪಾಗಿದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ಬೇಕಂತಾನಾ? ಆ ಪೆಟ್ಟಿಗೆ ಒಳಗೆ ತಲೆ ತೂರಿಸ್ಕೊಂಡು ಒಂದೊಂದು ತಂತಿನೂ ಎಳೆದು ನೋಡ್ದೆ ಕಣ್ರೀ. ನಮ್ಮ ಹಳೇ ಲಿಫ್ಟುಗಳಲ್ಲಿ ಸ್ವಿಚ್ ಬಿದ್ರೆ ತೊಂದರೆ ಅಲ್ಲೇ ಇರುತ್ತೆ, ಅದೇ ಗುಂಗಲ್ಲಿದ್ದೆ. ಮೇಲೆ ಬ್ರೇಕ್ ಒದ್ದಾಡ್ತಿತ್ತು, ನನಗೆ ಕೇಳಿಸ್ಲೇ ಇಲ್ಲ. ಎಂಟು ವರ್ಷ ಏನು ಮಾಡಿದೆ ನಾನು? ನಿಮ್ಮ ಮುಖ ನೋಡೋಕೂ ಆಗ್ತಿಲ್ಲ ನನಗೆ. ದಯವಿಟ್ಟು ಇವತ್ತೊಂದಿನ ಹೋಗಿ."

ಅವಳು ಹೋಗಲಿಲ್ಲ. ಅವನ ಮುಖವನ್ನೇ ದಿಟ್ಟಿಸಿದಳು. ಆ ಗಂಟು ಹಾಕಿದ ಹುಬ್ಬು, ಆ ಕಚ್ಚಿದ ದವಡೆ... ಇದು ನಾಟಕವಲ್ಲ.

"ಹೊಟ್ಟೆಕಿಚ್ಚಾ?" ಎಂದಳು ಮೆಲ್ಲಗೆ.

"ಹೌದು."

"ಎಷ್ಟು?"

"ಮೈಯೆಲ್ಲಾ ಉರೀತಿದೆ. ಸಾಕಾ?"

ಮೊಂಡಿಯ ಕಣ್ಣಿಂದ ದಳದಳ ನೀರು ಇಳಿಯಿತು. ಅಷ್ಟು ವರ್ಷ ಅಪ್ಪಿತಪ್ಪಿಯೂ ಯಾರೂ ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಪಾಪ ಅಂದಿದ್ದರು, ಜಾಣೆ ಅಂದಿದ್ದರು, ಕೂತಿರು ಅಂದಿದ್ದರು. ತನ್ನನ್ನು ಸಮಸಮ ಎಂದುಕೊಂಡು, ಜೀವ ಹೋಗುವಷ್ಟು ಹೋರಾಡಿ, ಸೋತು ಹೀಗೆ ಉರಿದವರು ಯಾರಿದ್ದರು?

ಅವಳು ಬೆಂಚಿನ ಮೇಲೆ ಪತ್ರ ಇಟ್ಟು, ಅವನ ಜೇಬಿನ ಪೆನ್ನು ಕಿತ್ತುಕೊಂಡು ಸಹಿ ಹಾಕಿದಳು. ಆಮೇಲೆ ಅವನ ಪಕ್ಕ ಕೂತಳು.

"ನಾನು ನಿಮ್ಮನ್ನ ಪ್ರೀತಿಸ್ತೀನಿ" ಎಂದಳು. "ಪಾಠ ಹೇಳಿಕೊಟ್ಟಿದ್ದಕ್ಕೆ ಅಲ್ಲ. ನಿನ್ನೆ ಬಿಟ್ಟುಕೊಡೋಕೆ ಹೋದ್ರಲ್ಲ, ಅದಕ್ಕಂತೂ ಅಲ್ಲವೇ ಅಲ್ಲ. ಇವತ್ತು ನಿಜವಾಗ್ಲೂ ಸೋತಿದ್ದಕ್ಕೆ."

ಒಂದು ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ಏಳಲಿಲ್ಲ.

"ಈ ಉರಿಯಲ್ಲಿ ಏನಂತ ಉತ್ತರ ಕೊಡ್ಲಿ?" ಎಂದ ಅವನು. ಆದರೆ ಅವನ ಕೈ ಅಷ್ಟು ಹೊತ್ತಿಗೆ ಅವಳ ಕೈಯ ಮೇಲಿತ್ತು.

"ಉರಿಯಲ್ಲೇ ಕೊಡಿ."

"ಮೂರನೇ ಮಹಡಿ ಬಾಗಿಲು ಸರಿಮಾಡಿ ಮೇಲೆ ಬಂದೆನಲ್ಲ, ಆವತ್ತಿಂದ ಇಷ್ಟ. ಹೇಳೋಕೆ ಧೈರ್ಯ ಇರ್ಲಿಲ್ಲ." ಪತ್ರದ ಸಹಿಯತ್ತ ನೋಡುತ್ತಾ ಮತ್ತೆ ಹೇಳಿದ, "ಆದ್ರೆ ಒಂದು ಮಾತು. ಮುಂದಿನ ಸಲ ಆ ಕಂಪನಿ ಕರೆದಾಗ ನಾನು ಬಂದೇ ಬರ್ತೀನಿ. ನಿಮ್ಮ ಮೇಲಿನ ಹುದ್ದೆಗೆ."

"ಬನ್ನಿ. ನಾನೂ ಅದಕ್ಕೇ ಅರ್ಜಿ ಹಾಕಿರ್ತೀನಿ. ಬರದಿದ್ರೆ ಮದುವೆ ಮಾತೇ ಎತ್ಬೇಡಿ."

"ಮದುವೆ ಮಾತು ನಾನು ಎತ್ಲೇ ಇಲ್ವಲ್ಲ?"

"ಎತ್ತಿ ಮತ್ತೆ" ಎಂದಳು ಮೊಂಡಿ.

ಅವನು ಎತ್ತಿದ.