ಕುಂಕುಮ ಹಚ್ಚಿದ ಟೇಪ್ ಡ್ರೈವ್

"ಈ ಕುಂಕುಮ ಹಚ್ಚಿದ್ ಯಾರ್?"

ಟೇಪ್ ಡ್ರೈವಿನ ಬಾಯಿಗೆ ಟಾರ್ಚ್ ಹಿಡಿದು ರಿಪೇರಿಗೆ ಬಂದ ನಿತೇಶ್ ಕೇಳಿದಾಗ ಸೌಮ್ಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನ್... ಆಯುಧ ಪೂಜಿಗೆ."

ಹಾರೆ, ಕತ್ತಿಗೆಲ್ಲ ಪೂಜೆಯಾಗುವಾಗ ಕಂಪ್ಯೂಟರ್ ಏನು ಪಾಪ ಮಾಡಿತ್ತು? ಬ್ರಹ್ಮಾವರದ ಆ ಪುಟ್ಟ ಜಾನಪದ ಕೇಂದ್ರದಲ್ಲಿ ಎಲ್ಲ ಯಂತ್ರಗಳಿಗೂ ಅವಳೇ ಗಂಧ, ಕುಂಕುಮ ಹಚ್ಚಿ, ಒಂದೊಂದು ಗೊಂಡೆ ಹೂವಿಟ್ಟಿದ್ದಳು. 2004ರಲ್ಲಿ ನಮ್ಮೂರ ಯಾವ ಆಫೀಸಿನಲ್ಲಿ ತಾನೆ ಹಚ್ಚುತ್ತಿರಲಿಲ್ಲ!

ಪೂಜೆಯ ಮಾರನೆಯ ವಾರ ಸಿಡಿಲಿಗೆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಹೋಯಿತು. ಹೋದರೆ ಹೋಗಲಿ, ಕೇಂದ್ರ ಸಂಗ್ರಹಿಸಿದ ಹಾಡುಗಳ ಪ್ರತಿಯೆಲ್ಲ ಟೇಪಿನಲ್ಲಿದೆ ಎಂದು ಹೊಸ ಡಿಸ್ಕ್ ಹಾಕಿಸಿ ನೋಡಿದರೆ, ಆ ಟೇಪನ್ನು ಡ್ರೈವ್ ಓದುತ್ತಲೇ ಇರಲಿಲ್ಲ. ಸ್ವಲ್ಪ ದೂರ ಓಡಿ, ಗರಗರ ಎಂದು ಹಿಂದಕ್ಕೆ ಬಂದು, ಪ್ರತಿ ಸಲವೂ ಅದೇ ಜಾಗದಲ್ಲಿ ನಿಂತುಬಿಡುತ್ತಿತ್ತು.

ಮಂಗಳೂರಿನ ಸರ್ವಿಸ್ ಕಂಪನಿಯಿಂದ ಪ್ರತಿ ಸಲವೂ ಬರುತ್ತಿದ್ದ ನಿತೇಶ್ ಶಿರೂರಿನವನು. ಟಾರ್ಚ್ ಆರಿಸಿ ಕೇಂದ್ರದ ಹಿರಿಯರಾದ ಪಾಂಡು ಮಾಸ್ಟ್ರ ಕಡೆ ತಿರುಗಿದ.

"ಕುಂಕುಮದ ಪುಡಿ ಟೇಪ್ ಓದುವ ಹೆಡ್ಡಿಗೆ ಹೋಯಿರ್ಕ್ ಮಾಸ್ಟ್ರೇ. ಡ್ರೈವ್ ತಕಂಡ್ ಹೋತೆ. ಟೇಪ್ ಮಾತ್ರ ಯಾರೂ ಮುಟ್ಬೇಡಿ. ಹರಿದ್ರೆ ಮುಗಿತ್."

ಮುಗಿತ್... ಆ ಒಂದು ಮಾತು ಅವಳ ಎದೆಗೆ ನಾಟಿತು.

ಆ ಟೇಪಿನಲ್ಲಿ ಅವಳ ಅಮ್ಮ ಪ್ರಭಾವತಿಯ ನಾಟಿ ಹಾಡು ಇತ್ತು, ಅವಳೇ ರೆಕಾರ್ಡ್ ಮಾಡಿದ್ದು. ಅದನ್ನು ಹಾಡಿದ ಮಳೆಗಾಲ ಕಳೆಯುವಷ್ಟರಲ್ಲಿ ಅಮ್ಮನ ಗಂಟಲಲ್ಲಿ ಗಡ್ಡೆ ಕಾಣಿಸಿತು, ಆಪರೇಷನ್ ಆಯಿತು, ಸ್ವರ ಹೋಯಿತು. ಈಗ ಮಗಳನ್ನು ಕರೆಯಬೇಕಾದರೆ ಸ್ಟೀಲ್ ಲೋಟವನ್ನು ನೆಲಕ್ಕೆ ಕುಟ್ಟುತ್ತಾರೆ. ಅಮ್ಮನ ಸ್ವರ ಅಂತ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ.

ದೀಪಾವಳಿಗೆ ಹಾಡು ಕೇಳಿಸುತ್ತೇನೆ ಎಂದು ಸೌಮ್ಯಶ್ರೀ ಮಾತು ಕೊಟ್ಟಿದ್ದಳು. ಸಂಜೆ ಮನೆ ಸೇರಿದ ಕೂಡಲೇ ಲೋಟದ ಸದ್ದು. ಅಮ್ಮ ಕಿವಿ ಮುಟ್ಟಿಕೊಂಡು, ಹುಬ್ಬೇರಿಸಿ ಕೇಳುತ್ತಿದ್ದರು. ಎಲ್ಲಿ ನನ್ನ ಹಾಡು?

"ಹಾಡ್ ತತ್ತೆ ಅಮ್ಮ... ಸ್ವಲ್ಪ ಕೆಲ್ಸ ಬಾಕಿ ಇತ್ತ್."

ಸುಳ್ಳು ಹೇಳಿ ಒಳಗೆ ಹೋದವಳಿಗೆ ಅನ್ನ ಸೇರಲಿಲ್ಲ. ನನ್ನ ಅಮ್ಮನ ಸ್ವರವನ್ನು ನನ್ನ ಬೆರಳೇ ಅಳಿಸಿಹಾಕಿತೇ? ದೇವರಿಗೆಂದು ಹಚ್ಚಿದ್ದಲ್ಲವೇ ಅದು? ಲೋಟದ ಸದ್ದು ಕೇಳಿದರೆ ಸಾಕು, ಅವಳು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಅಷ್ಟರಲ್ಲಿ ಕಂಪನಿಯ ಫ್ಯಾಕ್ಸ್ ಬಂತು. ಬಳಸುವವರ ಅಜಾಗರೂಕತೆ, ಕುಂಕುಮದ ಪುಡಿ, ಕಂಪನಿ ಹೊಣೆಯಲ್ಲ. ನಿತೇಶನ ಸುದ್ದಿಯೇ ಇಲ್ಲ, ಒಂದು ಫೋನ್ ಕೂಡ ಇಲ್ಲ. ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿ ಕೈತೊಳೆದುಕೊಂಡ ಮಹಾರಾಯ, ಎಂದು ಅವಳು ಬಚ್ಚಲಲ್ಲಿ ನಿಂತು ಅತ್ತಳು.

ದೀಪಾವಳಿಗೆ ಎರಡು ದಿನ ಇರುವಾಗ ಅವನೇ ಬಂದ. ಗಡ್ಡ ಬೆಳೆದಿತ್ತು. ಬಗಲಲ್ಲಿ ಅದೇ ಡ್ರೈವ್.

"ಇನ್ನೆಂತ ಬರೂಕಿತ್ತ್ ನಿಮ್ಗೆ?" ಅವಳ ದನಿ ಒಡೆಯಿತು. "ಫ್ಯಾಕ್ಸಗೆ ಎಲ್ಲ ಬರ್ದ್ ಆಯ್ತಲ್ದಾ?"

"ಅದ್ ನಾನ್ ಬರ್ದದ್ದಲ್ಲ. ಆದ್ರೆ ಕುಂಕುಮ ಅಂದದ್ ನಾನೇ. ಬಿಚ್ಚಿ ಕಾಂಬುಕ್ ಮೊದ್ಲೇ ಹೇಳ್ಬಿಟ್ಟೆ." ಅವನು ತಲೆ ತಗ್ಗಿಸಿದ. "ಬಿಚ್ಚಿ ಕಂಡ್ರೆ ಹೆಡ್ ಸ್ವಚ್ಛ ಇತ್ತ್. ಬೈಂದೂರಗೆ ಒಂದ್ ಆಫೀಸಗೂ ಇದೇ ತಕರಾರ್. ಅಲ್ಲಿ ಯಾರೂ ಕುಂಕುಮ ಹಚ್ಚಲಿಲ್ಲೆ."

"ಮತ್ತೆ?"

"ಡ್ರೈವಿನ ಒಳ್ಗೆ ಅದನ್ನ ನಡ್ಸುಕೆ ಒಂದ್ ಪ್ರೋಗ್ರಾಮ್ ಇರತ್ತ್, ಫರ್ಮ್‌ವೇರ್ ಅಂಬ್ರ್. ಚೌತಿ ಟೈಮಗೆ ಕಂಪನಿ ಹೊಸದ್ ಕಳ್ಸಿತ್. ಎರಡೂ ಕಡೆ ಹಾಕಿದ್ ನಾನೇ. ಮೊದ್ಲ್ ಬರ್ದ ಟೇಪನ್ನ ಓದುಕೆ ಆ ಹೊಸ್ದಕ್ಕ್ ಬತ್ತಿಲ್ಲೆ. ಹಳೇದನ್ನ ಹುಡ್ಕಿ ತಂದ್ ಹಾಕಿದೆ, ಬೈಂದೂರಿನ ಟೇಪ್ ಓದ್ತ್. ನಿಮ್ದ್..."

"ನಮ್ದ್?"

"ಸುಮಾರ್ ಸಲ ಓಡ್ಸಿದ್ರಿ ಅಲ್ದಾ? ಸವೆದಿದ್ರೆ ಗೊತ್ತಿಲ್ಲೆ. ನಂಗೂ ಹೆದ್ರಿಕೆ ಆತ್ತ್."

ಅವಳ ಕೋಪ ಎಲ್ಲಿ ಹೋಯಿತೋ. ತನ್ನಷ್ಟೇ ಹೆದರಿದವನೊಬ್ಬ ಎದುರಿಗಿದ್ದಾನೆ ಎಂಬುದೇ ಅವಳಿಗೆ ದೊಡ್ಡ ಧೈರ್ಯವಾಯಿತು.

ಟೇಪ್ ಒಳಗೆ ಹೋಗಿ ಓಡತೊಡಗಿತು. ಆಗ ಹೊರಗೆ ಆಟೋ ನಿಂತಿತು. ಕಾದು ಕಾದು ಸಾಕಾದ ಅಮ್ಮ, ಕೈಯಲ್ಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಯ್ಯೋ ದೇವರೇ... ಅಮ್ಮನ ಎದುರಲ್ಲೇ?

ಟೇಪ್ ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೆ ಬಂತು. ಗರಗರ. ಹಿಂದಕ್ಕೆ ಹೋಯಿತು. ಸೌಮ್ಯಶ್ರೀ ಅರಿವಿಲ್ಲದೆ ನಿತೇಶನ ಅಂಗಿಯ ತೋಳು ಹಿಡಿದಳು.

ಮತ್ತೆ ಮುಂದಕ್ಕೆ... ದಾಟಿತು. ನಿಲ್ಲದೆ ಕೊನೆಯವರೆಗೂ ಓಡಿತು.

ಫೈಲ್ ತೆರೆಯಲು ಅವನೇ ಮೌಸ್ ಒತ್ತಿದ. ಕೋಣೆಯ ತುಂಬ ಪ್ರಭಾವತಿಯ ಸ್ವರ. ಗದ್ದೆಯ ಈ ಅಂಚಿನಿಂದ ಆ ಅಂಚಿಗೆ ಕೇಳುವಂಥ ತುಂಬು ಸ್ವರ. ಅಮ್ಮ ಕುರ್ಚಿಯಲ್ಲಿ ಕುಸಿದು, ಕಟ್ಟು ಹಾಕಿದ ಗಂಟಲಿನ ಮೇಲೆ ಕೈಯಿಟ್ಟುಕೊಂಡರು. ಕಣ್ಣೀರು ಇಳಿಯುತ್ತಿತ್ತು, ತುಟಿ ಹಾಡಿನ ಜೊತೆ ಆಡುತ್ತಿತ್ತು.

ಹಾಡು ಬಹಳ ಉದ್ದವಿತ್ತು. ನಿತೇಶ್ ಗಡಿಯಾರ ನೋಡಲಿಲ್ಲ, ಎದ್ದು ಹೋಗಲಿಲ್ಲ. ಹಾಡು ಮುಗಿದ ಮೇಲೂ ಟೇಪಿನಲ್ಲಿ ಅಮ್ಮ ನಗುತ್ತಿದ್ದರು.

"ಇಷ್ಟುದ್ದದ್ ಯಾರ್ ಕೇಂತ್ರ್ ಹೆಣ್ಣೆ? ನಿಂಗೊಂದ್ ಗಂಡ್ ಕಾಣ್ಕ್. ನನ್ ಹಾಡ್ ಪೂರಾ ಕೂಕಂಡ್ ಕೇಂಬವ್ನೇ ಆಯ್ಕ್. ನಡುವೆ ಎದ್ದ್ ಹೋಪವ ಬ್ಯಾಡ."

ಸೌಮ್ಯಶ್ರೀಯ ಮುಖ ಕೆಂಪಾಯಿತು. ಆ ಮಾತು ಇದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಅಂಗಿಯ ತೋಳು ಇನ್ನೂ ತನ್ನ ಕೈಯಲ್ಲೇ ಇರುವುದು ಕಂಡು ಬಿಡಲು ಹೋದಳು. ಅವನು ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಅಮ್ಮ," ಎಂದ, "ನಾನ್ ಪೂರಾ ಕೇಂಡೆ."

ಅಮ್ಮ ಅವನನ್ನು ನೋಡಿದರು, ಮಗಳನ್ನು ನೋಡಿದರು. ಲೋಟವನ್ನು ಮೇಜಿಗೆ ಟಕ್ಕೆಂದು ಕುಟ್ಟಿದರು.

"ಎಂತ ಹೇಳ್ತ್ರ್?" ಅವನ ದನಿಯಲ್ಲಿ ಮತ್ತೆ ಹೆದರಿಕೆ.

ಸೌಮ್ಯಶ್ರೀ ಅಳುತ್ತಲೇ ನಕ್ಕಳು.

"ಇನ್ನೊಂದ್ ಸಲ ಹಾಕ್ಕ್ ಅಂಬ್ರ್. ನೀವ್ ಕೂಕಣಿ."